ಅಂಗಾಲಿನ ನರಹುಲಿಯ ಚರಿತ್ರೆ

ನಡೆಯುವಾಗ ಅಂಗಾಲಿಗೆ ಹರಳೊಂದು ಒತ್ತಿದಂತಾಗುತ್ತದೆ. ಚಪ್ಪಲಿ ಕೊಡವಿ ನೋಡಿದರೆ ಹರಳಿಲ್ಲ. ಚರ್ಮದಲ್ಲಿಯೇ ಹುದುಗಿದ ಗಟ್ಟಿಯಾದೊಂದು ಬಿಲ್ಲೆಯಿದೆ. 'ಆಣಿ ಬಿದ್ದಿದೆ' ಎಂದು ಮನೆಯ ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಆಣಿಯೇ ಇರಬಹುದು. ಆದರೆ ಒರಟು ಚರ್ಮವನ್ನು ತುಸು ತೇಯ್ದಾಗ ಕಪ್ಪು ಚುಕ್ಕೆಗಳು ಕಂಡರೆ, ನೇರವಾಗಿ ಒತ್ತುವುದಕ್ಕಿಂತ ಪಕ್ಕದಿಂದ ಹಿಂಡಿದಾಗ ನೋವು ಹೆಚ್ಚಾದರೆ, ಅದು ಬಹುಶಃ ನರಹುಲಿ. ಆ ಚುಕ್ಕೆಗಳು ಜನ ಹೇಳುವಂತೆ ಬೇರುಗಳಲ್ಲ, ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮನಾಳಗಳು.

ಈ ಉಪದ್ರವ ಇಂದು ನಿನ್ನೆಯದಲ್ಲ. ಹರಳು ಒತ್ತಿ ಅಥವಾ ಮುಳ್ಳು ಚುಚ್ಚಿ ಕಾಲಿನಲ್ಲಿ ಏಳುವ ಗಂಟಿಗೆ ಸುಶ್ರುತ ಸಂಹಿತೆಯಲ್ಲಿ 'ಕದರ' ಎಂಬ ಹೆಸರಿದೆ. ಬಲ್ಲವರು ಅದನ್ನು ಆಣಿ ಎನ್ನುತ್ತಾರೆ. ನರಹುಲಿಯೂ ಆ ಹೆಸರಿನಡಿ ಸೇರಿದ್ದರೆ ಆಶ್ಚರ್ಯವಿಲ್ಲ. ಅದಕ್ಕೆ ಹೇಳಿರುವ ಚಿಕಿತ್ಸೆ, ಕಿತ್ತು ತೆಗೆದು ಕಾದ ಎಣ್ಣೆಯಿಂದ ಸುಡುವುದು. ಓದಿದರೇ ಅಂಗಾಲು ಚುರುಗುಟ್ಟುತ್ತದೆ!

ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬಾತ ಅಂಗೈ ಅಂಗಾಲುಗಳಲ್ಲಿ ಆಳವಾಗಿ ಬೇರೂರಿ ನೋಯಿಸುವ ನರಹುಲಿಯನ್ನು ಬೇರೆಯಾಗಿಯೇ ವರ್ಣಿಸಿದ್ದಾನೆ. ಅದರ ಗ್ರೀಕ್ ಹೆಸರು ಹುಟ್ಟಿದ್ದು ಇರುವೆ ಎಂಬ ಪದದಿಂದ. ಅದೇ ಶತಮಾನದ ಡಯಾಸ್ಕೊರಿಡೀಸನು ಆಣಿಗಳಿಗೆ ವಿಲೋ ಮರದ ತೊಗಟೆಯ ಬೂದಿಯನ್ನು ಹುಳಿರಸದಲ್ಲಿ ಕಲಸಿ ಹಚ್ಚಲು ಹೇಳಿದ. ಲ್ಯಾಟಿನ್ನಿನಲ್ಲಿ ಈ ಮರ 'ಸ್ಯಾಲಿಕ್ಸ್'. ಇಂದು ನಾವು ಔಷಧದಂಗಡಿಯಿಂದ ತರುವ ಸ್ಯಾಲಿಸಿಲಿಕ್ ಆಮ್ಲದ ಹೆಸರು ಬಂದದ್ದು ಇಲ್ಲಿಂದಲೇ. ಆದರೆ ಪುರಾತನರಿಗೆ ಎಲ್ಲವೂ ಗೊತ್ತಿತ್ತೆಂದು ಹಿಗ್ಗಬೇಕಾಗಿಲ್ಲ. ಸುಟ್ಟ ಬೂದಿಯಲ್ಲಿ ತೊಗಟೆಯ ಆ ಸಾರ ಉಳಿಯುವುದಿಲ್ಲ. ಆ ಆಮ್ಲವನ್ನು ಇಟಲಿಯ ಪಿರಿಯಾ ಸಿದ್ಧಪಡಿಸಿದ್ದು 1838ರಲ್ಲಿ.

ಇನ್ನು ಮಾಟಮಂತ್ರಗಳ ಸಂಗತಿ. ನಮ್ಮಲ್ಲಿ ನರಹುಲಿಗೆ ಕುದುರೆಯ ಕೂದಲು ಕಟ್ಟುವುದನ್ನು ನೀವು ಕೇಳಿರುತ್ತೀರಿ. ಇಂಗ್ಲೆಂಡಿನ ತತ್ತ್ವಜ್ಞ ಫ್ರಾನ್ಸಿಸ್ ಬೇಕನ್ನನ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಹದಿನಾರರ ಹರೆಯದಲ್ಲಿ ಪ್ಯಾರಿಸಿನಲ್ಲಿದ್ದಾಗ ಆತನ ಎರಡೂ ಕೈಗಳಲ್ಲಿ ಒಂದೇ ತಿಂಗಳಲ್ಲಿ ನೂರಕ್ಕೂ ಕಡಮೆಯಿಲ್ಲದಷ್ಟು ನರಹುಲಿಗಳು ಎದ್ದವು. ರಾಯಭಾರಿಯ ಪತ್ನಿ ತೊಗಲುಸಹಿತವಾದ ಹಂದಿಯ ಕೊಬ್ಬಿನ ತುಂಡಿನಿಂದ ಅವನ್ನೆಲ್ಲ ಉಜ್ಜಿದಳು. ಬಳಿಕ ಆ ತುಂಡನ್ನು ದಕ್ಷಿಣದ ಕಿಟಕಿಯ ಕಂಬಕ್ಕೆ, ಕೊಬ್ಬಿನ ಮೈ ಬಿಸಿಲಿಗೆ ಬರುವಂತೆ, ಮೊಳೆ ಹೊಡೆದು ನಿಲ್ಲಿಸಿದಳು. ಐದು ವಾರಗಳಲ್ಲಿ ಎಲ್ಲವೂ ಮಾಯ. ಬಾಲ್ಯದಿಂದ ಬೆರಳಿಗಂಟಿದ್ದ ಒಂದು ಹಳೆಯ ನರಹುಲಿಯೂ ಅವುಗಳ ಜೊತೆಗೇ ಹೋಯಿತು! 1627ರಲ್ಲಿ ಅಚ್ಚಾದ ಗ್ರಂಥದಲ್ಲಿ ಬೇಕನ್ ಇದನ್ನು ಗಂಭೀರವಾಗಿ ದಾಖಲಿಸಿದ್ದಾನೆ.

ಕೊಬ್ಬಿಗೆ ಏನು ಶಕ್ತಿಯಿತ್ತು? ಏನೂ ಇರಲಿಲ್ಲ. ನರಹುಲಿ ಎಷ್ಟೋ ವೇಳೆ, ಮಕ್ಕಳಲ್ಲಂತೂ ಬಹುಪಾಲು, ತಾನಾಗಿಯೇ ಹೋಗುತ್ತದೆ. ಶರೀರದ ರಕ್ಷಣಾಶಕ್ತಿ ಎಚ್ಚೆತ್ತ ದಿನ ಯಾವ ಮದ್ದು ನಡೆಯುತ್ತಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಎಚ್ಚರವಾಗುವುದು ಯಾವುದರ ವಿರುದ್ಧ? 1907ರಲ್ಲಿ ಇಟಲಿಯ ಚಿಯುಫ್ಫೊ ನರಹುಲಿಯನ್ನು ಅರೆದು, ಜೀವಕೋಶಗಳು ಹಾಯಲಾರದ ಸೂಕ್ಷ್ಮ ಶೋಧಕದಲ್ಲಿ ಸೋಸಿ, ಆ ರಸದಿಂದಲೂ ನರಹುಲಿ ಹುಟ್ಟುವುದೆಂದು ತೋರಿಸಿದ. ಅಂದರೆ ಇದು ವೈರಾಣುವಿನ ಕೆಲಸ. 1949ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ವೈರಾಣು ಕಣ್ಣಿಗೂ ಬಿತ್ತು.

ಇಷ್ಟರಲ್ಲಿ ವೈದ್ಯರು ಸುಮ್ಮನೆ ಕುಳಿತಿರಲಿಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಅಂಗಾಲಿಗೆ ಎಕ್ಸ್-ಕಿರಣಗಳನ್ನೂ ಹಾಯಿಸಿದರು. ಕೆಲವರಿಗೆ ನರಹುಲಿ ಹೋಗಿ, ಜೀವಮಾನವಿಡೀ ಮಾಯದ ಹುಣ್ಣು ಉಳಿಯಿತು. ಕಾಯಿಲೆಗಿಂತ ಚಿಕಿತ್ಸೆಯೇ ಕ್ರೂರವಾದದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಡ. 1899ರಲ್ಲಿ ನ್ಯೂಯಾರ್ಕಿನ ವೈಟ್ ದ್ರವವಾಯುವನ್ನು, 1950ರಲ್ಲಿ ಆಲಿಂಗ್ಟನ್ ದ್ರವ ಸಾರಜನಕವನ್ನು ಬಳಸಿ ನರಹುಲಿಯನ್ನು ಹೆಪ್ಪುಗಟ್ಟಿಸಿದರು. ಇದು ಇಂದಿಗೂ ಬಳಕೆಯಲ್ಲಿದೆ.

2011ರಲ್ಲಿ ಪ್ರಕಟವಾದ ಬ್ರಿಟನ್-ಐರ್ಲೆಂಡುಗಳ ಪರೀಕ್ಷೆಯೊಂದರಲ್ಲಿ, ಅಂಗಾಲಿನ ನರಹುಲಿಯಿದ್ದ 240 ಮಂದಿಯಲ್ಲಿ ಕೆಲವರಿಗೆ ಸಾರಜನಕವನ್ನೂ ಉಳಿದವರಿಗೆ ಶೇಕಡ 50ರ ಸ್ಯಾಲಿಸಿಲಿಕ್ ಆಮ್ಲವನ್ನೂ ಕೊಟ್ಟರು. ಹನ್ನೆರಡು ವಾರಗಳ ಬಳಿಕ ಎರಡೂ ಕಡೆ ಗುಣವಾದವರು ಶೇಕಡ 14 ಮಾತ್ರ! ಆದುದರಿಂದ ನೋವಿಲ್ಲದಿದ್ದರೆ ಕಾಯಬಹುದು. ನೋವಿದ್ದರೆ ಬಿಸಿನೀರಿನಲ್ಲಿ ನೆನೆಸಿ, ತೇಯ್ದು, ಸುತ್ತಲಿನ ಒಳ್ಳೆಯ ಚರ್ಮಕ್ಕೆ ತಾಗದಂತೆ ಆಮ್ಲದ ಮದ್ದನ್ನು ದಿನವೂ ಹಚ್ಚಿ, ತಿಂಗಳುಗಟ್ಟಲೆ ತಾಳ್ಮೆಯಿಂದಿರಬೇಕು. ತೇಯುವ ಕಲ್ಲನ್ನು ಮನೆಯ ಇತರರು ಬಳಸಬಾರದು. ಸಕ್ಕರೆ ಕಾಯಿಲೆಯವರು ಮಾತ್ರ ಬ್ಲೇಡನ್ನಾಗಲಿ ಆಮ್ಲವನ್ನಾಗಲಿ ಮುಟ್ಟದೆ ನೇರವಾಗಿ ವೈದ್ಯರಿಗೆ ಕಾಲು ತೋರಿಸತಕ್ಕದ್ದು.