ಘಟ್ಟದ ದಾರಿಯ ಬುತ್ತಿ: ಕಣಕುಂಬಿ ಸೀಮೆಯ ನಡಿಗೆ, ಆಹಾರ ಮತ್ತು ರಕ್ತದ ಸಕ್ಕರೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿರುವ ಕಣಕುಂಬಿ, ಮಲಪ್ರಭಾ ನದಿಯ ಉಗಮಸ್ಥಾನವೆಂದೂ ಮಾವುಲಿ ದೇವಿಯ ಕ್ಷೇತ್ರವೆಂದೂ ನಾಡಿನವರಿಗೆ ಪರಿಚಿತವಾಗಿದೆ. ಇಲ್ಲಿ ಹುಟ್ಟಿದ ನದಿ 300 ಕಿ.ಮೀ.ಗೂ ಹೆಚ್ಚು ದೂರ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಊರಿನಿಂದ ಪಶ್ಚಿಮಕ್ಕೆ ಸಾಗುವ ದಾರಿ ಚೋರ್ಲಾ ಘಟ್ಟವನ್ನಿಳಿದು ಗೋವಾದ ಸಾಖಳಿಯ ಬಯಲನ್ನು ಮುಟ್ಟುತ್ತದೆ. ನದಿನೀರನ್ನು ತಿರುಗಿಸುವ ಕಳಸಾ–ಬಂಡೂರಿ ಯೋಜನೆಯ ವಿವಾದದಿಂದಾಗಿ ಈಚಿನ ದಶಕಗಳಲ್ಲಿ ಈ ಊರಿನ ಚರಿತ್ರೆಯೆಂದರೆ ನೀರಿನ ಚರಿತ್ರೆ ಎಂಬಂತಾಗಿದೆ. ಆದರೆ ಈ ಸೀಮೆಗೆ ಇನ್ನೊಂದು ಚರಿತ್ರೆಯೂ ಇದೆ: ಹೊರೆ ಹೊತ್ತು ಘಟ್ಟ ಹತ್ತಿಳಿದ ಜನರು ದಾರಿಯಲ್ಲಿ ಕುಸಿಯದಂತೆ ದೇಹವನ್ನು ಹೇಗೆ ಕಾಪಾಡಿಕೊಂಡರು, ಯಾವ ಹೊತ್ತಿಗೆ ಏನನ್ನು ಉಂಡರು, ದಣಿದು ಬಂದವನಿಗೆ ಮೊದಲು ಏನನ್ನು ಕೊಟ್ಟರು ಎಂಬುದರ ಚರಿತ್ರೆ ಅದು.

ಇಂದಿನ ವೈದ್ಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ರಕ್ತದಲ್ಲಿನ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವ ಪ್ರಶ್ನೆ. ರಕ್ತದಲ್ಲಿ ಸದಾ ಹರಿಯುವ ಗ್ಲೂಕೋಸ್ ದೇಹದ, ಅದರಲ್ಲಿಯೂ ಮಿದುಳಿನ, ಮುಖ್ಯ ಇಂಧನ. ಉಪವಾಸದ ಸ್ಥಿತಿಯಲ್ಲಿ ಆರೋಗ್ಯವಂತರ ರಕ್ತದ ಪ್ರತಿ ಡೆಸಿಲೀಟರಿನಲ್ಲಿ, ಎಂದರೆ ನೂರು ಮಿಲಿಲೀಟರಿನಲ್ಲಿ, 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಮಧುಮೇಹಿಗಳಲ್ಲಿ ಅದು 70ಕ್ಕಿಂತ ಕೆಳಗಿಳಿದರೆ ಎಚ್ಚರಿಕೆಯ ಹಂತವೆಂದೂ 54ಕ್ಕಿಂತ ಕೆಳಗಿಳಿದರೆ ಅಪಾಯದ ಹಂತವೆಂದೂ ವೈದ್ಯರು ಪರಿಗಣಿಸುತ್ತಾರೆ. ಬೆವರು, ಕೈನಡುಕ, ಎದೆಬಡಿತ, ತಡೆಯಲಾಗದ ಹಸಿವು ಮೊದಲು ಕಾಣಿಸಿಕೊಂಡು, ಅನಂತರ ಕಣ್ಣು ಮಂಜಾಗುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಆರೋಗ್ಯವಂತ ದೇಹ ಸುಲಭವಾಗಿ ಈ ಮಟ್ಟಕ್ಕೆ ಇಳಿಯುವುದಿಲ್ಲ. ಯಕೃತ್ತು ತನ್ನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸುಮಾರು 100 ಗ್ರಾಂ ಸಕ್ಕರೆಯನ್ನು ಬೇಕಾದಂತೆ ರಕ್ತಕ್ಕೆ ಬಿಡುತ್ತಿರುತ್ತದೆ. ಆದರೆ ಬರಿಹೊಟ್ಟೆಯಲ್ಲಿ ತಾಸುಗಟ್ಟಲೆ ಹೊರೆ ಹೊತ್ತು ಏರು ಹತ್ತುವವನ ಕಣಜ ಬೇಗ ಬರಿದಾಗುತ್ತದೆ. ಆಗ ಕಾಲು ಸೋಲುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ.

ಘಟ್ಟದ ಜನರಿಗೆ ಈ ಪರಿಸ್ಥಿತಿ ಅಪರೂಪವಾಗಿರಲಿಲ್ಲ. ರೈಲು ಬರುವ ಮೊದಲು ಬೆಳಗಾವಿಯ ಬಯಲಿಗೂ ಗೋವಾ–ಕೊಂಕಣದ ಕರಾವಳಿಗೂ ನಡುವಿನ ವ್ಯಾಪಾರ ಎತ್ತಿನ ಬೆನ್ನಿನ ಮೇಲೆ ಮತ್ತು ಮನುಷ್ಯರ ತಲೆಯ ಮೇಲೆ ನಡೆಯುತ್ತಿತ್ತು. ಕೆಳಗಿನಿಂದ ಉಪ್ಪು, ತೆಂಗು, ಒಣಮೀನು ಮೇಲೆ ಬರುತ್ತಿದ್ದವು. ಮೇಲಿನಿಂದ ಧಾನ್ಯ, ಬೇಳೆ, ಮೆಣಸಿನಕಾಯಿ, ಬೆಲ್ಲ, ಹತ್ತಿ ಕೆಳಗಿಳಿಯುತ್ತಿದ್ದವು. ಲಂಬಾಣಿಗರು ಹೇರೆತ್ತುಗಳ ಹಿಂಡನ್ನು ಹೊಡೆದುಕೊಂಡು ದೂರದ ದಾರಿ ಸವೆಸಿದರೆ, ಘಟ್ಟದ ಊರುಗಳ ರೈತರು ಸುಗ್ಗಿ ಮುಗಿದ ಮೇಲೆ ತಾವೇ ಹೊರೆ ಕಟ್ಟಿಕೊಂಡು ಇಳಿದುಹೋಗಿ ಉಪ್ಪು ತರುತ್ತಿದ್ದರು. ಮಳೆಗಾಲದಲ್ಲಿ ಜಿಲ್ಲೆಯಲ್ಲಿಯೇ ಅತಿ ಹೆಚ್ಚು ಮಳೆ ಸುರಿಯುವ ಸ್ಥಳಗಳಲ್ಲಿ ಒಂದಾದ ಕಣಕುಂಬಿಯ ಸುತ್ತಿನ ದಾರಿಗಳು ಸಾಗಾಟಕ್ಕೆ ಒದಗುತ್ತಿರಲಿಲ್ಲವಾದ್ದರಿಂದ, ವರ್ಷದ ನಡಿಗೆಯೆಲ್ಲ ಬೇಸಿಗೆಯ ಕೊನೆಯವರೆಗಿನ ಒಣ ತಿಂಗಳುಗಳಲ್ಲಿ ಮುಗಿಯಬೇಕಾಗುತ್ತಿತ್ತು. ಕೆಳಗಿಳಿಯುವುದು ಮೊಣಕಾಲಿನ ಕೆಲಸವಾದರೆ, ಉಪ್ಪಿನ ಹೊರೆಯೊಡನೆ ಮರಳಿ ಏರುವುದು ಇಡೀ ದೇಹದ ಕೆಲಸವಾಗಿತ್ತು.

ಈ ದುಡಿಮೆಗೆ ಆಧಾರವಾಗಿದ್ದ ಧಾನ್ಯ ರಾಗಿ. ಗಡಿನಾಡಿನ ಮರಾಠಿ ಮಾತಿನಲ್ಲಿ ಇದನ್ನು ನಾಚಣಿ ಎನ್ನುತ್ತಾರೆ. ಕಣಿವೆಯ ತಗ್ಗಿನ ಗದ್ದೆಗಳಲ್ಲಿ ಭತ್ತ ಬೆಳೆದರೆ, ಗುಡ್ಡದ ಇಳಿಜಾರಿನಲ್ಲಿ ಕುಮರಿ ಬೇಸಾಯದಿಂದ ರಾಗಿ ಬರುತ್ತಿತ್ತು. ಕುಮರಿ ಎಂದರೆ ಬೇಸಿಗೆಯಲ್ಲಿ ಗಿಡಗಂಟಿಗಳನ್ನು ಕಡಿದು ಸುಟ್ಟು, ಮೊದಲ ಮಳೆಗೆ ಆ ಬೂದಿಯಲ್ಲಿ ಬೀಜ ಚೆಲ್ಲಿ, ಒಂದೆರಡು ಬೆಳೆ ತೆಗೆದ ಬಳಿಕ ನೆಲವನ್ನು ಹಲವು ವರ್ಷ ಬೀಳುಬಿಡುವ ಪದ್ಧತಿ. ವರ್ಷದಲ್ಲಿ ನಾಲ್ಕು ತಿಂಗಳು ಮನೆಯೊಳಗೂ ತೇವವೇ ತುಂಬಿರುವ ಈ ಸೀಮೆಯಲ್ಲಿ ರಾಗಿಗೆ ಇನ್ನೊಂದು ಗುಣವಿತ್ತು: ಚೆನ್ನಾಗಿ ಒಣಗಿಸಿ ಇಟ್ಟರೆ ಅದಕ್ಕೆ ಹುಳು ಸುಲಭವಾಗಿ ಹತ್ತುವುದಿಲ್ಲ. 16ನೆಯ ಶತಮಾನದ ಕನಕದಾಸರು ತಮ್ಮ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿ ರಾಗಿಯನ್ನು ಗೆಲ್ಲಿಸಿದ್ದು, ಬಡವರ ಕಣಜದ ಈ ಅನುಭವವನ್ನೇ ಆಧರಿಸಿ.

ರಾಗಿಯನ್ನು ಉಣ್ಣುವ ಬಗೆಯೂ ದುಡಿಮೆಯ ಹೊತ್ತಿಗೆ ಹೊಂದಿಕೊಂಡಿತ್ತು. ರಾತ್ರಿ ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ ಮಣ್ಣಿನ ಗಡಿಗೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಸಣ್ಣಗೆ ಹುಳಿಯೇರುತ್ತದೆ. ಅದನ್ನು ಕೈಬಿಡದೆ ತಿರುವುತ್ತ ಕುದಿಸಿ, ಆರಿದ ಮೇಲೆ ಮಜ್ಜಿಗೆ ಮತ್ತು ಉಪ್ಪು ಬೆರೆಸಿ, ಉಳ್ಳಾಗಡ್ಡಿ ಕಡಿದುಕೊಂಡು ಕುಡಿದರೆ ಅದೇ ಅಂಬಲಿ. ಗೌಳಿಗರ ದಡ್ಡಿಗಳಲ್ಲಿ ಎಮ್ಮೆಯ ಮಜ್ಜಿಗೆಗೆ ಕೊರತೆಯಿರಲಿಲ್ಲ. ಮನೆ ಬಿಡುವ ಮೊದಲು ಹೊಟ್ಟೆ ತುಂಬ ಅಂಬಲಿ, ಬಿಸಿಲೇರುವ ಹೊತ್ತಿಗೆ ಗಂಜಿ, ನಡುಹಗಲಿಗೆ ಬುತ್ತಿಯ ದಪ್ಪ ರೊಟ್ಟಿ ಮತ್ತು ಚಟ್ನಿ, ಹೊತ್ತು ಮುಳುಗಿದ ಮೇಲೆ ಬಿಸಿ ಊಟ. ಹೀಗೆ ದುಡಿಯುವವರ ದಿನ ಮೂರು–ನಾಲ್ಕು ತಾಸಿಗೊಮ್ಮೆ ಆಹಾರದ ಆಸರೆ ಸಿಗುವಂತೆ ಹಂಚಿಹೋಗಿತ್ತು. ಘಟ್ಟದ ಕೆಳಗಿನ ಗೋವಾದ ರೈತರಲ್ಲಿಯೂ ಬೆಳಗು–ಮಧ್ಯಾಹ್ನಗಳ ನಡುವೆ ಗದ್ದೆಯ ಬದುವಿನಲ್ಲಿ ಪೇಜ, ಅಂದರೆ ಕುಚ್ಚಲಕ್ಕಿಯ ಗಂಜಿ, ಕುಡಿಯುವ ರೂಢಿಯಿದ್ದುದರಿಂದ ಇದನ್ನು ಒಂದು ಊರಿನದೆನ್ನುವುದಕ್ಕಿಂತ ಇಡೀ ಘಟ್ಟಸೀಮೆಯ ದುಡಿಮೆಯ ಶಿಸ್ತೆನ್ನುವುದೇ ಸರಿ.

ದಾರಿಯಲ್ಲಿ ಆಕಸ್ಮಿಕವಾಗಿ ಬಲ ಕುಂದಿದರೆ ಸೆರಗಿನ ಗಂಟಿನಲ್ಲಿಯೋ ಪಂಚೆಯ ತುದಿಯಲ್ಲಿಯೋ ಕಟ್ಟಿಕೊಂಡ ಅವಲಕ್ಕಿ, ಪುಟಾಣಿ, ಬೆಲ್ಲ ನೆರವಿಗೆ ಬರುತ್ತಿದ್ದವು; ಬಯಲುಸೀಮೆಯಲ್ಲಿ ಶೇಂಗಾ ಬೇಸಾಯ ಹರಡಿದ ಮೇಲೆ ಶೇಂಗಾ–ಬೆಲ್ಲ ಆ ಗಂಟಿಗೆ ಸೇರಿತು. ಇವುಗಳಲ್ಲಿ ಬೆಲ್ಲದ ಕೆಲಸ ಬೇರೆ, ಕಾಳುಗಳ ಕೆಲಸ ಬೇರೆ. ಬೆಲ್ಲದ ಬಹುಭಾಗ ಸುಕ್ರೋಸ್ ಎಂಬ ಸಕ್ಕರೆಯೇ ಆದ್ದರಿಂದ ಅದು ಕೆಲವೇ ನಿಮಿಷಗಳಲ್ಲಿ ರಕ್ತವನ್ನು ತಲುಪುತ್ತದೆ, ಬಂದಷ್ಟೇ ಬೇಗ ಖರ್ಚಾಗುತ್ತದೆ. ಪುಟಾಣಿ ಮತ್ತು ಶೇಂಗಾಗಳಲ್ಲಿರುವ ಪ್ರೋಟೀನ್, ನಾರು, ಕೊಬ್ಬು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ ಏರಿದ ಸಕ್ಕರೆ ಮತ್ತೆ ಕೂಡಲೆ ಕುಸಿಯದಂತೆ ಹಿಡಿದಿಡುತ್ತವೆ. ಎರಡನ್ನೂ ಒಟ್ಟಿಗೆ ಕಟ್ಟಿಕೊಟ್ಟ ತಾಯಂದಿರಿಗೆ ಈ ಲೆಕ್ಕ ಗೊತ್ತಿರದಿದ್ದರೂ ಅದರ ಫಲ ಗೊತ್ತಿತ್ತು.

ಇದೇ ಅರಿವು ಆತಿಥ್ಯದ ಪದ್ಧತಿಯಾಗಿಯೂ ರೂಪುಗೊಂಡಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಿಸಿಲಿನಲ್ಲಿ ನಡೆದು ಬಂದವರಿಗೆ ಕುಶಲ ಕೇಳುವ ಮೊದಲೇ ತಂಬಿಗೆ ನೀರು, ಒಂದು ತುಣುಕು ಬೆಲ್ಲ ಕೊಡುವುದು ಮನೆಯ ಮರ್ಯಾದೆಯೆನಿಸಿತ್ತು. ಮಹಾರಾಷ್ಟ್ರದ ಹಳ್ಳಿಗಳಲ್ಲಿಯೂ ಇದೇ ರೂಢಿಯಿರುವುದರಿಂದ ಎರಡೂ ಭಾಷೆಗಳ ಮನೆಗಳು ಅಕ್ಕಪಕ್ಕದಲ್ಲಿರುವ ಖಾನಾಪುರ ಸೀಮೆಯಲ್ಲಿ ಅದು ಎಲ್ಲರಿಗೂ ಸಮಾನವಾದ ಸಂಸ್ಕಾರವಾಯಿತು. ಬೆವರಿನಿಂದ ಕಳೆದುಹೋದ ನೀರನ್ನೂ ನಡಿಗೆಯಿಂದ ಇಳಿದ ಸಕ್ಕರೆಯನ್ನೂ ಒಂದೇ ಗಳಿಗೆಯಲ್ಲಿ ತುಂಬಿಕೊಡುವ ಈ ಉಪಚಾರದಲ್ಲಿ ಬಂದವನು ಯಾರೆಂಬ ಪ್ರಶ್ನೆಗಿಂತ ಅವನ ದಣಿವಿಗೆ ಮೊದಲ ಸ್ಥಾನವಿತ್ತು. ದೇಹದ ಅಗತ್ಯವನ್ನು ಸಮಾಜದ ಕರ್ತವ್ಯವಾಗಿ ಮಾರ್ಪಡಿಸಿದ ಇಂತಹ ಪದ್ಧತಿಗಳನ್ನು ಕೇವಲ ರುಚಿಯ ಅಥವಾ ಸಂಭ್ರಮದ ಮಾತಾಗಿ ನೋಡಿದರೆ ಅವುಗಳ ಬೆಲೆ ತಿಳಿಯುವುದಿಲ್ಲ.

ಶಾಸ್ತ್ರ ಈ ಅನುಭವದ ಕಾರಣಗಳನ್ನು ಕಂಡುಕೊಂಡದ್ದು ಬಹಳ ತಡವಾಗಿ, ಅದೂ ದೂರದ ನಾಡುಗಳಲ್ಲಿ. ಆಹಾರ ಮತ್ತು ನಡಿಗೆಗಳನ್ನು ಚಿಕಿತ್ಸೆಯಾಗಿ ಹೇಳಿದ ಪ್ರಾಚೀನ ಮಾತು ಭಾರತದಲ್ಲಿಯೇ ಇದೆ: ಸುಶ್ರುತಸಂಹಿತೆ ಪ್ರಮೇಹ ರೋಗಿಗೆ, ಅಂದರೆ ಇಂದಿನ ಮಧುಮೇಹವನ್ನೂ ಒಳಗೊಂಡ ಮೂತ್ರರೋಗಗಳ ರೋಗಿಗೆ, ನೂರು ಯೋಜನ ನಡೆಯುವುದನ್ನೂ ಬಾವಿ ತೋಡುವುದನ್ನೂ ಶ್ಯಾಮಾಕದಂತಹ ಕಿರುಧಾನ್ಯಗಳನ್ನು ಉಣ್ಣುವುದನ್ನೂ ವಿಧಿಸುತ್ತದೆ. ಆದರೆ ಅದರ ಗುರಿ ಹೆಚ್ಚಿದ ಸಕ್ಕರೆ. ಇಳಿಯುವ ಸಕ್ಕರೆಯ ರಹಸ್ಯ ಬಿಚ್ಚಿಕೊಂಡದ್ದು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ 1857ರಲ್ಲಿ ಯಕೃತ್ತಿನಿಂದ ಗ್ಲೈಕೋಜನ್ನನ್ನು ಬೇರ್ಪಡಿಸಿದ ಮೇಲೆ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಕಂಡುಹಿಡಿದು, 1922ರ ಜನವರಿಯಲ್ಲಿ ಅದನ್ನು ಮೊದಲ ರೋಗಿಗೆ ಕೊಟ್ಟ ಬಳಿಕ ಹೊಸ ಅಪಾಯವೊಂದು ಗೋಚರಿಸಿತು: ಔಷಧಿಯ ಪ್ರಮಾಣ ಹೆಚ್ಚಾದರೆ ಸಕ್ಕರೆ ತೀರಾ ಕುಸಿದು ರೋಗಿ ಪ್ರಜ್ಞೆ ತಪ್ಪುತ್ತಿದ್ದ. ಅದಕ್ಕೆ ಆ ವೈದ್ಯರು ಕಂಡುಕೊಂಡ ಪರಿಹಾರವೂ ಕಿತ್ತಳೆ ರಸ, ಮಿಠಾಯಿಗಳಂತಹ ಸಿಹಿಯೇ. 1924ರಲ್ಲಿ ಅಮೆರಿಕದ ಸೀಲ್ ಹ್ಯಾರಿಸ್ ಇನ್ಸುಲಿನ್ ಪಡೆಯದವರಲ್ಲಿಯೂ ಸಕ್ಕರೆ ಇಳಿಯಬಹುದೆಂದು ವಿವರಿಸಿದರು. ಸಿಹಿ ಮತ್ತು ನುಣುಪು ಪಿಷ್ಟಗಳ ಊಟವಾದ ಕೆಲವು ತಾಸುಗಳಲ್ಲಿ ಇನ್ಸುಲಿನ್ ಅತಿಯಾಗಿ ಸ್ರವಿಸಿ ಸಕ್ಕರೆ ಕುಸಿಯುವ ಸ್ಥಿತಿಯೂ ಮುಂದೆ ಗುರುತಿಗೆ ಬಂದಿತು. ಅಂಥವರಿಗೆ ನಾರು ಮತ್ತು ಪ್ರೋಟೀನ್ ಇರುವ ಆಹಾರವನ್ನು ಸ್ವಲ್ಪಸ್ವಲ್ಪವಾಗಿ, ಹಲವು ಬಾರಿ ಉಣ್ಣುವಂತೆ ಇಂದು ಹೇಳಲಾಗುತ್ತದೆ.

ಈ ಜ್ಞಾನ ಬೆಳೆಯುತ್ತಿದ್ದ ಕಾಲದಲ್ಲಿಯೇ ಕಣಕುಂಬಿ ಸೀಮೆಯ ಹಳೆಯ ಏರ್ಪಾಡು ಕಳಚತೊಡಗಿತ್ತು. 1818ರಲ್ಲಿಯೇ ಬೆಳಗಾವಿ ಬ್ರಿಟಿಷರ ವಶವಾಗಿ ದಂಡಿನ ಊರಾಗಿ ಬೆಳೆದಿತ್ತು. 1878ರ ಅರಣ್ಯ ಕಾಯಿದೆಯ ಬಳಿಕ ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾದಂತೆ ಕುಮರಿಯ ನೆಲ ಕುಗ್ಗಿತು. 1880ರ ದಶಕದ ಕೊನೆಯ ಹೊತ್ತಿಗೆ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ರೈಲು ಮುರಗಾಂವ ಬಂದರನ್ನು ಬೆಳಗಾವಿಗೆ ಜೋಡಿಸಿದ್ದರಿಂದ ಉಪ್ಪಿನ ಹೇರೆತ್ತುಗಳ ಕಾಲ ಮುಗಿಯುತ್ತ ಬಂದಿತು. 1961ರಲ್ಲಿ ಗೋವಾ ಭಾರತಕ್ಕೆ ಸೇರಿ, ಮುಂದೆ ಚೋರ್ಲಾ ಘಟ್ಟದಲ್ಲಿ ಡಾಂಬರು ರಸ್ತೆಯಾದ ಮೇಲೆ, ದಿನಗಟ್ಟಲೆ ನಡೆಯುತ್ತಿದ್ದ ದಾರಿ ಬಸ್ಸಿನಲ್ಲಿ ಕೆಲವು ತಾಸಿನದಾಯಿತು. ಇತ್ತ ಕೃಷ್ಣಾ, ಘಟಪ್ರಭಾ ಬಯಲಿನಲ್ಲಿ ಕಬ್ಬು ಹರಡಿ ಬೆಳಗಾವಿ ಜಿಲ್ಲೆ ದೇಶದ ದೊಡ್ಡ ಸಕ್ಕರೆ ಸೀಮೆಗಳಲ್ಲಿ ಒಂದಾಯಿತು. ನ್ಯಾಯಬೆಲೆ ಅಂಗಡಿಯ ಪಾಲಿಶ್ ಅಕ್ಕಿ ಗುಡ್ಡದ ಮನೆಗಳನ್ನೂ ತಲುಪಿ, ರಾಗಿ ಬಡತನದ ಗುರುತೆಂಬ ಭಾವನೆ ಬೇರೂರಿತು. ನಡಿಗೆ ಕಡಿಮೆಯಾಯಿತು, ಧಾನ್ಯ ನುಣುಪಾಯಿತು, ಚಹಾದ ನೆಪದಲ್ಲಿ ದಿನಕ್ಕೆ ಹಲವು ಬಾರಿ ಸಕ್ಕರೆ ಒಳಗೆ ಹೋಗತೊಡಗಿತು.

ಇದರ ಪರಿಣಾಮವಾಗಿ ಮಧುಮೇಹ ನಗರದ ಕಾಯಿಲೆಯಾಗಿ ಉಳಿಯದೆ ಹಳ್ಳಿಗೂ ಬಂದಿತು. 1916ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಗಡಿಭಾಗದ ರೋಗಿಗಳಿಗೆ ಉನ್ನತ ಚಿಕಿತ್ಸೆ ಹತ್ತಿರವಾಯಿತು. ಮಧುಮೇಹದ ಮಾತ್ರೆ ತಾಲ್ಲೂಕಿನ ಔಷಧಿ ಅಂಗಡಿಯಲ್ಲಿಯೂ ಸಿಗುವಂತಾಯಿತು. ಆದರೆ ಮಾತ್ರೆಯೊಡನೆ ಟೊರಾಂಟೋದ ವೈದ್ಯರು ಕಂಡ ಆ ಅಪಾಯವೂ ಬಂದಿತು. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರಲ್ಲಿ, ಊಟ ತಪ್ಪಿದರೆ ಅಥವಾ ದುಡಿಮೆ ಹೆಚ್ಚಿದರೆ ಸಕ್ಕರೆ ಹಠಾತ್ತನೆ ಇಳಿಯುತ್ತದೆ. ಜುಲೈ ಮಳೆಯಲ್ಲಿ ದಿನವಿಡೀ ಬಗ್ಗಿ ಭತ್ತದ ಸಸಿ ನಾಟಿ ಮಾಡುವ ಹೆಂಗಸು, ಏಕಾದಶಿಯ ಉಪವಾಸ ಹಿಡಿದ ಹಿರಿಯರು, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಪಂಢರಪುರಕ್ಕೋ ಕಾಲ್ನಡಿಗೆಯಲ್ಲಿ ಹೊರಟ ಭಕ್ತರು ಇಂದು ಈ ಅಪಾಯದ ಎದುರಿನಲ್ಲಿದ್ದಾರೆ. ಹಳೆಯ ಘಟ್ಟದ ಹೊರೆಯಾಳಿನ ಸ್ಥಿತಿ ಬೇರೊಂದು ಕಾರಣದಿಂದ ಅವರಿಗೆ ಮರುಕಳಿಸಿದೆ.

ಆದ್ದರಿಂದ ಬುತ್ತಿಯ ಶಿಸ್ತು ಮತ್ತೆ ಬೇಕಾಗಿದೆ, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಹೇರಳವಾಗಿರುವುದು ನಿಜವಾದರೂ, ನುಣ್ಣಗೆ ಬೀಸಿ ತೆಳ್ಳಗೆ ಕುದಿಸಿದ ಅಂಬಲಿ ದಪ್ಪ ರೊಟ್ಟಿಗಿಂತ ಬೇಗ ಜೀರ್ಣವಾಗಿ ಸಕ್ಕರೆಯನ್ನು ಏರಿಸಬಲ್ಲದು. ಆದುದರಿಂದ ಅದರೊಡನೆ ಮಜ್ಜಿಗೆ, ಕಾಳುಪಲ್ಯ, ಶೇಂಗಾ ಇರಬೇಕು. ಬೆಲ್ಲ ಸಕ್ಕರೆಗಿಂತ ನಿರಪಾಯವೆಂಬ ನಂಬಿಕೆಗೆ ಆಧಾರವಿಲ್ಲ. ಮಧುಮೇಹಿಗೆ ದಿನದ ಬಳಕೆಯಲ್ಲಿ ಎರಡೂ ಒಂದೇ. ಆದರೆ ಸಕ್ಕರೆ ಇಳಿದ ಗಳಿಗೆಯಲ್ಲಿ ಬೆಲ್ಲವೇ ಔಷಧಿ. ಸುಮಾರು 15 ಗ್ರಾಂ ಸಕ್ಕರೆಯ ಅಂಶ ಸಿಗುವಷ್ಟು, ಎಂದರೆ ಮೂರು ಚಮಚೆಯಷ್ಟು ಸಕ್ಕರೆಯನ್ನೋ ಬೆಲ್ಲವನ್ನೋ ನೀರಿನೊಡನೆ ಕೊಟ್ಟು, 15 ನಿಮಿಷ ಕಾದು ನೋಡಿ, ಲಕ್ಷಣ ಉಳಿದಿದ್ದರೆ ಮತ್ತೊಮ್ಮೆ ಕೊಟ್ಟು, ಚೇತರಿಸಿಕೊಂಡ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ಉಣಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕಿಳಿದು ಪ್ರಾಣಕ್ಕೆ ಎರವಾಗುತ್ತದೆ. ಅಂಥವರನ್ನು ಮಗ್ಗುಲಾಗಿ ಮಲಗಿಸಿ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ವ್ಯಾಯಾಮದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ನಡೆಯುವಾಗ ಸ್ನಾಯುಗಳು ಇನ್ಸುಲಿನ್ನಿನ ನೆರವನ್ನು ಕಾಯದೆಯೂ ರಕ್ತದಿಂದ ಸಕ್ಕರೆ ಹೀರಿಕೊಳ್ಳುತ್ತವೆ, ಮತ್ತು ಈ ಪರಿಣಾಮ ನಡಿಗೆ ನಿಂತ ಮೇಲೂ ಹಲವು ತಾಸು ಉಳಿದು ರಾತ್ರಿಯ ನಿದ್ದೆಯಲ್ಲಿ ಸಕ್ಕರೆ ಇಳಿಸಬಲ್ಲದು. ಆದ್ದರಿಂದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡದೆ, ಬೆಲ್ಲದ ತುಣುಕನ್ನು ಜೊತೆಗಿರಿಸಿಕೊಂಡು, ಸಾಧ್ಯವಾದಾಗ ಸಂಗಡಿಗರೊಡನೆ ನಡೆಯಬೇಕು. ನಾಟಿಯ ದಿನಗಳು, ಉಪವಾಸ, ಯಾತ್ರೆ ಬಂದಾಗ ಔಷಧಿಯ ಪ್ರಮಾಣವನ್ನು ವೈದ್ಯರೊಡನೆ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕು.

ವಿಶ್ವಸಂಸ್ಥೆ 2023ನೆಯ ವರ್ಷವನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ರಾಗಿಗೆ ನಗರಗಳಲ್ಲಿ ಮರುಮನ್ನಣೆ ದೊರೆಯಿತು. ಆದರೆ ಧಾನ್ಯವಷ್ಟೇ ಮರಳಿ ಬಂದರೆ ಸಾಲದು. ಕಣಕುಂಬಿಯ ಪೂರ್ವಿಕರನ್ನು ಕಾಪಾಡಿದ್ದು ರಾಗಿಯೊಂದೇ ಆಗಿರಲಿಲ್ಲ. ದುಡಿಮೆಗೆ ತಕ್ಕ ಊಟ, ಹೊತ್ತಿಗೆ ತಕ್ಕ ಪ್ರಮಾಣ, ದಣಿದವರ ಮುಖ ನೋಡಿ ಅವರ ಸ್ಥಿತಿಯನ್ನು ಅರಿಯುವ ಮನೆಯವರ ಮತ್ತು ನೆರೆಯವರ ಎಚ್ಚರ ಇವೆಲ್ಲ ಕೂಡಿದ ಏರ್ಪಾಡು ಅದು. ಆಶಾ ಕಾರ್ಯಕರ್ತೆಯರು, ಶಾಲೆಯ ಶಿಕ್ಷಕರು, ದಿಂಡಿ ಮತ್ತು ಯಾತ್ರೆಗಳ ಮುಂದಾಳುಗಳು, ಹೊಲದ ಕೆಲಸಕ್ಕೆ ಆಳು ಕರೆಯುವ ರೈತರು ಬೆವರು, ನಡುಕ, ತೊದಲು ಮಾತುಗಳ ಅರ್ಥವನ್ನು ತಿಳಿದಿದ್ದರೆ, ಬೆಲ್ಲ–ನೀರಿನ ಹಳೆಯ ಮರ್ಯಾದೆ ಈ ಕಾಲದ ಪ್ರಥಮ ಚಿಕಿತ್ಸೆಯಾಗಿ ಮುಂದುವರಿಯುತ್ತದೆ. ಆ ತಿಳಿವಳಿಕೆಯನ್ನು ಗುಡ್ಡದ ಕೊನೆಯ ಮನೆಗೂ ಮುಟ್ಟಿಸುವುದು ಈ ಚರಿತ್ರೆಯನ್ನು ಬಲ್ಲವರೆಲ್ಲರ ಹೊಣೆ.