ಕ್ರೂಸರ್‌ವೇಟ್ ಚಾಂಪಿಯನ್‌ಶಿಪ್ (ವೃತ್ತಿಪರ ಕುಸ್ತಿ)

ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಕಡಿಮೆ ತೂಕದ ಪಟುಗಳಿಗೆಂದೇ ಮೀಸಲಾಗಿದ್ದ ಪಟ್ಟ. ವರ್ಲ್ಡ್ ಚಾಂಪಿಯನ್‌ಶಿಪ್ ರೆಸ್ಲಿಂಗ್ (ಡಬ್ಲ್ಯೂಸಿಡಬ್ಲ್ಯೂ) ಸಂಸ್ಥೆ 1996ರಲ್ಲಿ ಇದನ್ನು ಆರಂಭಿಸಿತು. 2001ರಲ್ಲಿ ಆ ಸಂಸ್ಥೆಯನ್ನು ಕೊಂಡ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್, ಅಂದರೆ ಈಗಿನ ಡಬ್ಲ್ಯೂಡಬ್ಲ್ಯೂಇ, 2008ರವರೆಗೆ ಮುಂದುವರಿಸಿತು. ಅದೇ ಹೆಸರಿನ, ಆದರೆ ಬೇರೆಯೇ ಆದ ಇನ್ನೊಂದು ಪಟ್ಟ 2016ರಿಂದ 2022ರವರೆಗೆ ಇತ್ತು. ಡಬ್ಲ್ಯೂಸಿಡಬ್ಲ್ಯೂ ಕಾಲದಲ್ಲಿ ತೂಕದ ಮಿತಿ 220 ಪೌಂಡ್, ಸುಮಾರು 100 ಕಿಲೋ. ಕ್ವಿಂಟಾಲ್ ತೂಗುವವನು ಹಗುರ ಎನಿಸಿಕೊಳ್ಳಬೇಕಾದರೆ ಉಳಿದವರ ಗಾತ್ರ ಎಷ್ಟಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಆಗಿನ ದೊಡ್ಡ ತಾರೆ ಹಲ್ಕ್ ಹೋಗನ್ ಅವರ ತೂಕವನ್ನು 302 ಪೌಂಡ್ ಎಂದು ಸಾರಲಾಗುತ್ತಿತ್ತು.

ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಏಟು, ಬೀಳು, ಗಾಯ ನಿಜ. ಫಲಿತಾಂಶ ಮಾತ್ರ ಕಥೆಗಾರರದ್ದು. ಹಾಗಾಗಿ ಈ ಪಟ್ಟದ ಚರಿತ್ರೆಯನ್ನು ಯಾರು ಯಾರಿಗಿಂತ ಬಲಶಾಲಿ ಎಂಬ ಲೆಕ್ಕವಾಗಿ ಓದಿದರೆ ಏನೂ ಸಿಗುವುದಿಲ್ಲ. ಚಿಕ್ಕ ಮೈಕಟ್ಟಿನ ಪ್ರತಿಭಾವಂತರನ್ನು ಕಂಪನಿಗಳು ಎಷ್ಟು ಎತ್ತರಕ್ಕೆ ಏರಲು ಬಿಟ್ಟವು, ಎಲ್ಲಿ ತಡೆದು ನಿಲ್ಲಿಸಿದವು ಎಂಬ ಲೆಕ್ಕ ಅದರಲ್ಲಿದೆ.

ಹಿನ್ನೆಲೆ

ಕಡಿಮೆ ತೂಕದವರಿಗೆ ಪ್ರತ್ಯೇಕ ಪಟ್ಟ ಕಟ್ಟುವ ಪದ್ಧತಿ ಅಮೆರಿಕದಲ್ಲೂ ಹಳೆಯದೇ. ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್‌ನ ಜೂನಿಯರ್ ಹೆವಿವೇಟ್ ಪಟ್ಟವನ್ನು 1960ರ ದಶಕದಲ್ಲಿ ಓಕ್ಲಹೋಮದ ಡ್ಯಾನಿ ಹಾಡ್ಜ್ ಹೊತ್ತು ಮೆರೆದರು. ಅವರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ನಿಜವಾದ ಕುಸ್ತಿಪಟು. ಆದರೆ 1980ರ ದಶಕದಲ್ಲಿ ಟಿವಿ ಕುಸ್ತಿ ದೇಶವ್ಯಾಪಿಯಾದಾಗ ದೈತ್ಯರದ್ದೇ ಕಾರುಬಾರಾಯಿತು. ಅದೇ ಹೊತ್ತಿಗೆ ಹಗುರ ಕುಸ್ತಿ ಬೇರೆಡೆ ಚಿಗುರುತ್ತಿತ್ತು. ಮೆಕ್ಸಿಕೊದ ಲೂಚಾ ಲಿಬ್ರೆಯಲ್ಲಿ ವೆಲ್ಟರ್‌ವೇಟ್, ಮಿಡಲ್‌ವೇಟ್ ಪಟುಗಳೇ ಪ್ರದರ್ಶನದ ಮುಖ್ಯ ಆಕರ್ಷಣೆಯಾಗಿದ್ದುದು ದಶಕಗಳ ಮಾತು. ಜಪಾನಿನಲ್ಲಿ 1981ರ ಏಪ್ರಿಲ್ 23ರಂದು, ಕಾಮಿಕ್ಸ್ ಪುಟಗಳಲ್ಲಿದ್ದ 'ಟೈಗರ್ ಮಾಸ್ಕ್' ಎಂಬ ಪಾತ್ರದ ಹುಲಿಮುಖವಾಡ ತೊಟ್ಟು ಸತೋರು ಸಯಾಮ ಟೋಕಿಯೊದ ಅಖಾಡಕ್ಕಿಳಿದು ಇಂಗ್ಲೆಂಡಿನ ಡೈನಮೈಟ್ ಕಿಡ್ ಎದುರು ಆಡಿದರು. ಮಕ್ಕಳನ್ನು ಮೆಚ್ಚಿಸಲು ಹುಟ್ಟಿದ ಆ ಪಾತ್ರದಿಂದಲೇ ನ್ಯೂ ಜಪಾನ್ ಸಂಸ್ಥೆಯ ಜೂನಿಯರ್ ಹೆವಿವೇಟ್ ವಿಭಾಗಕ್ಕೆ ಗಾಂಭೀರ್ಯ ಬಂತು. ಮುಂದೆ ಅದರ ಕಿರೀಟ ಜುಶಿನ್ ಥಂಡರ್ ಲೈಗರ್ ಅವರ ತಲೆಗೇರಿತು.

ಡಬ್ಲ್ಯೂಸಿಡಬ್ಲ್ಯೂ ಇದನ್ನು ನೋಡಿ 1991ರಲ್ಲಿ ಲೈಟ್ ಹೆವಿವೇಟ್ ಪಟ್ಟವೊಂದನ್ನು ಶುರುಮಾಡಿತು. ಅಕ್ಟೋಬರ್ 27ರಂದು ಚಟನೂಗಾದಲ್ಲಿ ನಡೆದ ಟೂರ್ನಿಯ ಫೈನಲ್‌ನಲ್ಲಿ ಬ್ರಯನ್ ಪಿಲ್‌ಮನ್ ಅವರು ರಿಚರ್ಡ್ ಮಾರ್ಟನ್ ಅವರನ್ನು ಸೋಲಿಸಿ ಮೊದಲ ಚಾಂಪಿಯನ್ ಆದರು. ಆ ವರ್ಷದ ಕ್ರಿಸ್‌ಮಸ್ ದಿನ ಲೈಗರ್ ಅದನ್ನು ಕಸಿದುಕೊಂಡರು. 1992ರ ಫೆಬ್ರುವರಿ 29ರಂದು ಮಿಲ್ವಾಕಿಯಲ್ಲಿ ಪಿಲ್‌ಮನ್ ಮರಳಿ ಪಡೆದ ಪಂದ್ಯವನ್ನು ಅಮೆರಿಕದ ಕುಸ್ತಿಪ್ರಿಯರು ಇಂದಿಗೂ ಮೆಲುಕು ಹಾಕುತ್ತಾರೆ. ಆದರೆ ಅದೇ ವರ್ಷ ಸಂಸ್ಥೆಯ ಚುಕ್ಕಾಣಿ ಹಿಡಿದ ಬಿಲ್ ವಾಟ್ಸ್ ಹಳೆಯ ಕಾಲದ ಒರಟು ಕುಸ್ತಿಯ ಅಭಿಮಾನಿ. ಮೇಲಿನ ಹಗ್ಗದಿಂದ ಹಾರಿ ಹೊಡೆಯುವುದನ್ನೇ ಅವರು ನಿಷೇಧಿಸಿಬಿಟ್ಟರು. ಹಾರುವುದೇ ಬಂಡವಾಳವಾಗಿದ್ದ ವಿಭಾಗಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಚಾಂಪಿಯನ್ ಬ್ರಾಡ್ ಆರ್ಮ್‌ಸ್ಟ್ರಾಂಗ್ ಮೊಣಕಾಲಿಗೆ ಗಾಯ ಮಾಡಿಕೊಂಡು ಪಟ್ಟ ಬಿಟ್ಟುಕೊಟ್ಟರು. ಅದನ್ನು ಮತ್ತೆ ತುಂಬುವ ಗೋಜಿಗೆ ಯಾರೂ ಹೋಗಲಿಲ್ಲ.

ಆರಂಭ ಮತ್ತು ಏಳಿಗೆ, 1996–1998

1995ರ ಸೆಪ್ಟೆಂಬರ್ 4ರಂದು ಎರಿಕ್ ಬಿಷಫ್ ನೇತೃತ್ವದ ಡಬ್ಲ್ಯೂಸಿಡಬ್ಲ್ಯೂ, ಮಿನೆಸೋಟದ ಮಾಲ್ ಆಫ್ ಅಮೆರಿಕದಿಂದ 'ಮಂಡೇ ನೈಟ್ರೊ' ಎಂಬ ನೇರಪ್ರಸಾರ ಆರಂಭಿಸಿತು. ಆ ಕಾರ್ಯಕ್ರಮದ ಮೊಟ್ಟಮೊದಲ ಪಂದ್ಯ ಲೈಗರ್ ಮತ್ತು ಪಿಲ್‌ಮನ್ ನಡುವಿನದು. ಪ್ರತಿಸ್ಪರ್ಧಿ ಸಂಸ್ಥೆ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್‌ನ 'ರಾ' ಕಾರ್ಯಕ್ರಮಕ್ಕೆ ಎದುರಾಗಿ ಅದೇ ಸೋಮವಾರ ರಾತ್ರಿ ಪ್ರಸಾರವಾಗುತ್ತಿದ್ದುದರಿಂದ, ಮೊದಲ ನಿಮಿಷದಲ್ಲೇ ನೋಡುಗರನ್ನು ಹಿಡಿದಿಡಬಲ್ಲ ಚುರುಕಿನ ಆಟಗಾರರು ಬೇಕಾಗಿದ್ದರು. ಬಿಷಫ್ ಮೆಕ್ಸಿಕೊ ಮತ್ತು ಜಪಾನಿನಿಂದ, ಹಾಗೆಯೇ ಫಿಲಡೆಲ್ಫಿಯದ ಸಣ್ಣ ಸಂಸ್ಥೆ ಇಸಿಡಬ್ಲ್ಯೂನಿಂದ ಅವರನ್ನು ಕರೆತಂದರು.

ಪಟ್ಟದ ಹುಟ್ಟು ನಡೆದದ್ದು ಅಮೆರಿಕದಲ್ಲಲ್ಲ, ಜಪಾನಿನ ನಗೋಯಾದಲ್ಲಿ. 1996ರ ಮಾರ್ಚ್ 20ರಂದು ಅಲ್ಲಿನ ಟೂರ್ನಿಯ ಫೈನಲ್‌ನಲ್ಲಿ ಶಿಂಜಿರೊ ಓಟಾನಿ, 'ವೈಲ್ಡ್ ಪೆಗಾಸಸ್' ಹೆಸರಿನಲ್ಲಿ ಆಡುತ್ತಿದ್ದ ಕೆನಡಾದ ಕ್ರಿಸ್ ಬೆನ್ವಾ ಅವರನ್ನು ಸೋಲಿಸಿದರು. ಮೇ 2ರಂದು ಆರ್ಲಾಂಡೊದಲ್ಲಿ ಡೀನ್ ಮಲೆಂಕೊ ಓಟಾನಿಯಿಂದ ಪಟ್ಟ ಗೆದ್ದ ಮೇಲೆ ಅದು ಅಮೆರಿಕದ ಟಿವಿಯ ಸ್ವತ್ತಾಯಿತು. ಮಲೆಂಕೊ ಮುಖದಲ್ಲಿ ನಗು ಕಂಡವರಿಲ್ಲ. 'ಸಾವಿರ ಪಟ್ಟುಗಳ ಸರದಾರ' ಎಂಬುದು ಅವರ ಬಿರುದು. ಎದುರಾಳಿಯ ಕಾಲನ್ನು ಹಿಡಿದರೆಂದರೆ ಪಂದ್ಯ ಮುಗಿಯುವವರೆಗೂ ಅದನ್ನೇ ತಿರುಚುವ ಶೈಲಿ.

ಅವರಿಗೆ ತಕ್ಕ ಜೋಡಿಯಾಗಿ ಬಂದವರು ರೇ ಮಿಸ್ಟೀರಿಯೊ ಜೂನಿಯರ್. ಅಮೆರಿಕ–ಮೆಕ್ಸಿಕೊ ಗಡಿಯ ಸ್ಯಾನ್ ಡಿಯಾಗೊ ಕಡೆಯ ಹುಡುಗ. ಚಿಕ್ಕಪ್ಪ ರೇ ಮಿಸ್ಟೀರಿಯೊ ಅವರ ಹೆಸರು, ಮುಖವಾಡ ಎರಡನ್ನೂ ಪಡೆದು ಹದಿಹರೆಯದಲ್ಲೇ ಅಖಾಡಕ್ಕಿಳಿದವರು. ಐದೂವರೆ ಅಡಿ ಎತ್ತರ, ಎಂಬತ್ತು ಕಿಲೋ ಆಸುಪಾಸಿನ ಮೈ. 1996ರ ಜೂನ್ 16ರಂದು ಬಾಲ್ಟಿಮೋರ್‌ನಲ್ಲಿ ಮಲೆಂಕೊ ಎದುರು ಮೊದಲ ಪಂದ್ಯ ಆಡಿ ಸೋತರು. ಜುಲೈ 8ರಂದು ಅದೇ ಮಲೆಂಕೊ ಅವರನ್ನು ಸೋಲಿಸಿ ಚಾಂಪಿಯನ್ ಆದಾಗ ಅವರಿಗೆ ಇಪ್ಪತ್ತೊಂದು ವರ್ಷ. ಆ ವರ್ಷದ ಕೊನೆಗೆ, ಡಿಸೆಂಬರ್ 29ರಂದು ನ್ಯಾಶ್‌ವಿಲ್‌ನಲ್ಲಿ ಜಪಾನಿನ ಅಲ್ಟಿಮೊ ಡ್ರ್ಯಾಗನ್ ಪಟ್ಟ ಗೆದ್ದರು. ಎಂಟು ಪಟ್ಟಗಳನ್ನು ಒಗ್ಗೂಡಿಸಿದ 'ಜೆ-ಕ್ರೌನ್' ಆಗಲೇ ಅವರ ಬಳಿ ಇತ್ತು; ಅದರ ಜೊತೆ ಇನ್ನೊಂದು, ಈಗ ಇದು. ಹತ್ತು ಬೆಲ್ಟುಗಳನ್ನು ಮೈತುಂಬ ಹೇರಿಕೊಂಡ ಅವರ ಚಿತ್ರ ಈ ವಿಭಾಗದ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಒಂದು.

ಪಟ್ಟದ ಚರಿತ್ರೆಯಲ್ಲಿ ಒಂದೇ ಪಂದ್ಯ ಆರಿಸಬೇಕೆಂದರೆ 1997ರ ಅಕ್ಟೋಬರ್ 26ರ ಲಾಸ್ ವೇಗಸ್ ಪಂದ್ಯವನ್ನು ಆರಿಸಬೇಕು. ಚಾಂಪಿಯನ್ ಎಡ್ಡಿ ಗೆರೇರೊ ಬೆಲ್ಟನ್ನು ಪಣಕ್ಕಿಟ್ಟರು, ಮಿಸ್ಟೀರಿಯೊ ಮುಖವಾಡವನ್ನು. ಮೆಕ್ಸಿಕೊದ ಸಂಪ್ರದಾಯದಲ್ಲಿ ಮುಖವಾಡ ಕಳೆದುಕೊಳ್ಳುವುದೆಂದರೆ ಮರ್ಯಾದೆ ಕಳೆದುಕೊಂಡಂತೆ. ಒಮ್ಮೆ ಕಳಚಿದರೆ ಮತ್ತೆ ತೊಡುವಂತಿಲ್ಲ. ಮಿಸ್ಟೀರಿಯೊ ಅಂದು ಕಾಮಿಕ್ಸ್‌ನ ಫ್ಯಾಂಟಮ್‌ನಂತೆ ಅಡಿಯಿಂದ ಮುಡಿಯವರೆಗೆ ನೇರಳೆ ಬಣ್ಣದ ಒಂದೇ ಉಡುಪು ತೊಟ್ಟು ಬಂದರು. ಮುಖವಾಡವೂ ಅದಕ್ಕೇ ಹೊಲಿದುಕೊಂಡಿತ್ತು. ಗೆರೇರೊ ಪಂದ್ಯದುದ್ದಕ್ಕೂ ಅದನ್ನು ಹರಿಯುತ್ತಲೇ ಇದ್ದರು. ಅವರ ಬೆನ್ನುಮೂಳೆ ಮುರಿಯುವಂಥ ಪಟ್ಟುಗಳು ನಿಧಾನ, ಕ್ರೂರ. ಮಿಸ್ಟೀರಿಯೊ ಹಗ್ಗದಿಂದ ಹಗ್ಗಕ್ಕೆ, ಕಣದಿಂದ ಹೊರಕ್ಕೆ ಚಿಮ್ಮುತ್ತಿದ್ದುದು ಕಣ್ಣಿಗೆ ಸಿಗದ ವೇಗ. ಕೊನೆಗೆ ಗೆರೇರೊ, ಮಿಸ್ಟೀರಿಯೊ ಅವರನ್ನು ಮೂಲೆಯ ಹಗ್ಗದ ಮೇಲೆ ಎತ್ತಿ ಹಿಡಿದು ಕೆಳಗೆ ಅಪ್ಪಳಿಸಲು ಸಿದ್ಧರಾದಾಗ ಮಿಸ್ಟೀರಿಯೊ ಗಾಳಿಯಲ್ಲೇ ಹೊರಳಿ, ಕಾಲುಗಳಿಂದ ಕತ್ತು ಬಳಸಿ ಎದುರಾಳಿಯನ್ನೇ ಬೀಳಿಸಿ ಚಿತ್ ಮಾಡಿದರು. ಪೂರ್ತಿ ಪಂದ್ಯ ಹದಿನಾಲ್ಕು ನಿಮಿಷವೂ ಇಲ್ಲ. ಅದೇ ರಾತ್ರಿಯ ಮುಖ್ಯ ಪಂದ್ಯ ನಲವತ್ತು ದಾಟಿದ ಹೋಗನ್ ಮತ್ತು ರಾಡಿ ಪೈಪರ್ ನಡುವೆ ಕಬ್ಬಿಣದ ಪಂಜರದಲ್ಲಿ ನಡೆಯಿತು. ಅದನ್ನು ಈಗ ಯಾರೂ ಹುಡುಕಿಕೊಂಡು ಹೋಗಿ ನೋಡುವುದಿಲ್ಲ.

1998 ಕ್ರಿಸ್ ಜೆರಿಕೊ ಅವರ ವರ್ಷ. ಹಾರಾಟಕ್ಕಿಂತ ಬಾಯಿಬಲದಿಂದಲೇ ಅವರು ಪಟ್ಟಕ್ಕೆ ಕಳೆ ತಂದರು. ಸೋತವರ ಮುಖವಾಡ, ಉಡುಪು ಕಿತ್ತುಕೊಂಡು ತಾವು ತೊಟ್ಟು ಮೆರೆಯುವುದು, ಮಲೆಂಕೊ ಅವರನ್ನು ವಾರವಾರ ಹಂಗಿಸುವುದು ನಡೆದೇ ಇತ್ತು. ಒಂದು ಸಂಜೆ, ಮಲೆಂಕೊಗೆ ಗೊತ್ತಿರುವುದು ಸಾವಿರ ಪಟ್ಟು, ತನಗೆ ಸಾವಿರದ ನಾಲ್ಕು ಎಂದು ಉದ್ದನೆಯ ಕಾಗದ ಬಿಡಿಸಿ ಒಂದೊಂದಾಗಿ ಓದತೊಡಗಿದರು. ಪಟ್ಟಿಯಲ್ಲಿ ಒಂದೇ ಪಟ್ಟು ಮತ್ತೆ ಮತ್ತೆ ಬರುತ್ತಿತ್ತು. ಜಾಹೀರಾತು ವಿರಾಮ ಮುಗಿದು ಬಂದರೂ ಓದು ಮುಗಿದಿರಲಿಲ್ಲ! ಇದಕ್ಕೆ ಉತ್ತರ ಸಿಕ್ಕಿದ್ದು ಮೇ 17ರಂದು ವೂಸ್ಟರ್‌ನಲ್ಲಿ. ಜೆರಿಕೊ ಎದುರಾಳಿಯನ್ನು ನಿರ್ಧರಿಸುವ ಸಾಮೂಹಿಕ ಪಂದ್ಯದಲ್ಲಿ ಉಳಿದಿದ್ದವರು ಹುವೆಂಟುಡ್ ಗೆರೇರಾ ಮತ್ತು ಸಿಕ್ಲೋಪೆ ಎಂಬ ಮುಖವಾಡಧಾರಿ. ಗೆರೇರಾ ಆತನ ಕೈಕುಲುಕಿ ತಾವಾಗಿಯೇ ಹೊರಗೆ ಹಾರಿದರು. ಸಿಕ್ಲೋಪೆ ಮುಖವಾಡ ಕಳಚಿದರೆ ಒಳಗೆ ಇದ್ದದ್ದು ಎರಡು ತಿಂಗಳಿನಿಂದ ಕಾಣೆಯಾಗಿದ್ದ ಮಲೆಂಕೊ. ಚಾವಣಿ ಹಾರಿಹೋಗುವಂತೆ ಕೂಗಿದ ಜನರೆದುರು ಅವರು ಪಟ್ಟವನ್ನೂ ಗೆದ್ದರು.

ಈ ಎಲ್ಲ ಪಂದ್ಯಗಳ ಜೊತೆ ಮೈಕ್ ಟೆನೇ ಅವರ ವೀಕ್ಷಕ ವಿವರಣೆಯನ್ನೂ ನೆನೆಯಬೇಕು. ಮೆಕ್ಸಿಕೊ, ಜಪಾನಿನ ಆಟಗಾರರ ಹಿನ್ನೆಲೆ, ಪಟ್ಟುಗಳ ಹೆಸರು ಅಮೆರಿಕದ ಸಾಮಾನ್ಯ ನೋಡುಗನಿಗೆ ಗೊತ್ತಾದದ್ದು ಬಹುಪಾಲು ಅವರಿಂದ.

ಇಳಿಗಾಲ

ಜನ ಮೆಚ್ಚಿದ್ದರೂ ಸಂಸ್ಥೆ ಈ ಪಟುಗಳನ್ನು ಕಾರ್ಯಕ್ರಮದ ಮೊದಲ ಗಂಟೆಯಿಂದ ಮುಂದಕ್ಕೆ ಬಿಡಲಿಲ್ಲ. ಮುಖ್ಯ ಪಂದ್ಯಗಳೆಲ್ಲ ಹಳೆಯ ದೈತ್ಯರಿಗೆ. ಹುವೆಂಟುಡ್ ಗೆರೇರಾ ಅವರ ಮುಖವಾಡ 1998ರ ಫೆಬ್ರುವರಿಯಲ್ಲಿ, ಮಿಸ್ಟೀರಿಯೊ ಅವರದು 1999ರ ಫೆಬ್ರುವರಿಯಲ್ಲಿ ಕಳಚಿತು. ಎರಡನೆಯದಂತೂ ಕ್ರೂಸರ್‌ವೇಟ್ ಪೈಪೋಟಿಯ ಫಲವೂ ಅಲ್ಲ. ಕೆವಿನ್ ನ್ಯಾಶ್, ಸ್ಕಾಟ್ ಹಾಲ್ ಎಂಬ ಧಡಿಯರ ಎದುರಿನ ಜೋಡಿ ಪಂದ್ಯದಲ್ಲಿ ಅದು ಹೋಯಿತು. ತಮಗದು ಇಷ್ಟವಿರಲಿಲ್ಲವೆಂದು ಮಿಸ್ಟೀರಿಯೊ ಮುಂದೆ ಹೇಳಿಕೊಂಡಿದ್ದಾರೆ. ಜೆರಿಕೊ 1999ರಲ್ಲಿ ಎದುರಾಳಿ ಸಂಸ್ಥೆಗೆ ಜಿಗಿದರು. 2000ದ ಜನವರಿ ಕೊನೆಗೆ ಬೆನ್ವಾ, ಎಡ್ಡಿ ಗೆರೇರೊ, ಮಲೆಂಕೊ ಒಟ್ಟಿಗೇ ಅಲ್ಲಿ ಕಾಣಿಸಿಕೊಂಡರು.

ಉಳಿದ ಪಟ್ಟ ತಮಾಷೆಯ ವಸ್ತುವಾಯಿತು. 1999ರ ಡಿಸೆಂಬರ್ 19ರಂದು ಮಡೂಸಾ ಇದನ್ನು ಗೆದ್ದ ಮೊದಲ ಮಹಿಳೆಯಾದರು. ನುರಿತ ಕುಸ್ತಿಪಟುವಾಗಿದ್ದ ಅವರಿಂದ ಮುಂದಿನ ತಿಂಗಳೇ ಅದನ್ನು ಗೆದ್ದದ್ದು 'ಓಕ್ಲಹೋಮ' ಎಂಬ ವೇಷದಲ್ಲಿದ್ದ ಕಥಾ ಲೇಖಕ ಎಡ್ ಫೆರಾರ. ತೂಕ ಮಿತಿ ಮೀರಿದೆ ಎಂದು ಅವರು ಬಿಟ್ಟುಕೊಡಬೇಕಾಯಿತು. ಆಮೇಲೆ ಲ್ಯಾನ್ಸ್ ಸ್ಟಾರ್ಮ್ ಎಂಬ ಕೆನಡಾದ ಪಟು ಪೌಂಡಿನ ಲೆಕ್ಕ ಕಿತ್ತುಹಾಕಿ ಇದನ್ನು '100 ಕಿಲೋ ಮತ್ತು ಕೆಳಗಿನ' ಪಟ್ಟ ಎಂದು ಕರೆದರು. ಆ ಗದ್ದಲದ ದಿನಗಳಲ್ಲಿ ನಗು ತರಿಸಿದ ಕೆಲವೇ ಸಂಗತಿಗಳಲ್ಲಿ ಅದೊಂದು. 2001ರ ಮಾರ್ಚ್ 18ರಂದು ಶೇನ್ ಹೆಲ್ಮ್ಸ್, ಚಾವೊ ಗೆರೇರೊ ಜೂನಿಯರ್ ಅವರಿಂದ ಪಟ್ಟ ಪಡೆದರು. ಅದೇ ತಿಂಗಳು ಸಂಸ್ಥೆ ಮಾರಾಟವಾಯಿತು.

ಡಬ್ಲ್ಯೂಡಬ್ಲ್ಯೂಇ ಕಾಲ, 2001–2008

ಡಬ್ಲ್ಯೂಸಿಡಬ್ಲ್ಯೂವನ್ನು ಖರೀದಿಸಿದ ಸಂಸ್ಥೆಯಲ್ಲಿ 1997ರಿಂದಲೂ ಲೈಟ್ ಹೆವಿವೇಟ್ ಪಟ್ಟವಿತ್ತು. ಟಾಕಾ ಮಿಚಿನೊಕು ಅದರ ಮೊದಲ ಚಾಂಪಿಯನ್. ಕ್ರೂಸರ್‌ವೇಟ್ ಬಂದ ಮೇಲೆ ಅದು ಮರೆಗೆ ಸರಿಯಿತು. 2002ರ ಜುಲೈನಲ್ಲಿ ಮಿಸ್ಟೀರಿಯೊ ಮುಖವಾಡ ಮತ್ತೆ ತೊಟ್ಟು ಆ ಸಂಸ್ಥೆಯ 'ಸ್ಮ್ಯಾಕ್‌ಡೌನ್' ಕಾರ್ಯಕ್ರಮಕ್ಕೆ ಬಂದರು. 2003ರ ಜೂನ್‌ನಲ್ಲಿ ಮ್ಯಾಟ್ ಹಾರ್ಡಿಯಿಂದ ಪಟ್ಟ ಗೆದ್ದರು. ಎರಡೂ ಸಂಸ್ಥೆಗಳಲ್ಲಿ ಸೇರಿ ಎಂಟು ಬಾರಿ ಗೆದ್ದ ದಾಖಲೆ ಅವರದೇ. ಟೆನ್ ಸ್ಪೋರ್ಟ್ಸ್ ವಾಹಿನಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ಕರ್ನಾಟಕದ ಮಕ್ಕಳಿಗೂ ಅವರು ಅಚ್ಚುಮೆಚ್ಚು. ಎತ್ತರ, ತೂಕದ ಅಂಕಿಗಳಲ್ಲೇ ಸೋಲು ಗೆಲುವು ನಿರ್ಧಾರವಾಗುವ ಟ್ರಂಪ್ ಕಾರ್ಡ್ ಆಟದಲ್ಲಿ ಮಾತ್ರ ಅವರ ಕಾರ್ಡ್ ಕೈಗೆ ಬಂದವರು ಪೆಚ್ಚಾಗುತ್ತಿದ್ದರು.

ಆದರೆ ಈ ಪಟ್ಟ ಗೆದ್ದಿದ್ದವರು ಮೇಲೇರಿದ್ದು ಅದನ್ನು ಬಿಟ್ಟ ಮೇಲೆಯೇ. ಜೆರಿಕೊ 2001ರ ಡಿಸೆಂಬರ್‌ನಲ್ಲಿ, ಎಡ್ಡಿ ಗೆರೇರೊ 2004ರ ಫೆಬ್ರುವರಿಯಲ್ಲಿ ಬ್ರಾಕ್ ಲೆಸ್ನರ್ ಅವರನ್ನು ಸೋಲಿಸಿ, ಮಿಸ್ಟೀರಿಯೊ 2006ರ ಏಪ್ರಿಲ್ 2ರ ರೆಸಲ್‌ಮೇನಿಯಾದಲ್ಲಿ, ಹೀಗೆ ಮೂವರೂ ತೂಕದ ಹಂಗಿಲ್ಲದ ವಿಶ್ವ ಚಾಂಪಿಯನ್ನರಾದರು. ಇತ್ತ ಕ್ರೂಸರ್‌ವೇಟ್ ಬೆಲ್ಟ್ 2004ರ ಮೇ ತಿಂಗಳಲ್ಲಿ ಮಹಿಳಾ ಪಟು ಜಾಕ್ವೆಲಿನ್ ಅವರ ಕೈಗೂ, ಕೆಲವೇ ದಿನಗಳ ಅಂತರದಲ್ಲಿ ಐವತ್ತೈದರ ಚಾವೊ ಗೆರೇರೊ ಸೀನಿಯರ್ ಅವರ ಸೊಂಟಕ್ಕೂ ಹೋಗಿಬಂತು. ಗ್ರೆಗರಿ ಹೆಲ್ಮ್ಸ್ (ಹಿಂದಿನ ಶೇನ್) 2006ರ ಜನವರಿ 29ರಿಂದ 385 ದಿನ ಇದನ್ನು ಉಳಿಸಿಕೊಂಡರು. ಅಷ್ಟು ದಿನ ಉಳಿಸಿಕೊಂಡರೂ ಅದಕ್ಕೆ ತಕ್ಕ ಮಹತ್ವದ ಪಂದ್ಯಗಳು ಅವರಿಗೆ ಸಿಗಲಿಲ್ಲ. 2007ರ ಜುಲೈ 22ರಂದು ಸ್ಯಾನ್ ಹೋಸೆಯಲ್ಲಿ ಹಾಸ್ಯಪಾತ್ರವಾಗಿದ್ದ ಕುಳ್ಳ ದೇಹದ ಹಾರ್ನ್‌ಸ್ವಾಗಲ್, ಜೇಮಿ ನೋಬಲ್ ಮೇಲೆ ಹಾರಿ ಬಿದ್ದು ಪಟ್ಟ ಗೆದ್ದರು. ಸೆಪ್ಟೆಂಬರ್‌ನಲ್ಲಿ ಅವರ ಸುರಕ್ಷತೆಯ ನೆಪ ಹೇಳಿ ಅದನ್ನು ಹಿಂಪಡೆಯಲಾಯಿತು. ಮತ್ತೆ ಯಾರಿಗೂ ಕೊಡದೆ 2008ರ ಮಾರ್ಚ್‌ನಲ್ಲಿ ರದ್ದುಮಾಡಲಾಯಿತು.

ಎರಡನೆಯ ಪಟ್ಟ, 2016–2022

2016ರ ಬೇಸಿಗೆಯಲ್ಲಿ ಫ್ಲೋರಿಡಾದ ಫುಲ್ ಸೇಲ್ ವಿಶ್ವವಿದ್ಯಾಲಯದಲ್ಲಿ ಡಬ್ಲ್ಯೂಡಬ್ಲ್ಯೂಇ 32 ಪಟುಗಳ 'ಕ್ರೂಸರ್‌ವೇಟ್ ಕ್ಲಾಸಿಕ್' ಏರ್ಪಡಿಸಿತು. ಮಿತಿ 205 ಪೌಂಡ್, ಸುಮಾರು 93 ಕಿಲೋ. ಪಂಜಾಬಿ ಮೂಲದ ಕೆನಡಾದ ಸಹೋದರರಾದ ಹಾರ್ವ್ ಸಿಹ್ರಾ, ಗುರ್ವ್ ಸಿಹ್ರಾ ಕಣದಲ್ಲಿದ್ದರು. ಇಬ್ಬರೂ ಮೊದಲ ಸುತ್ತು ದಾಟಲಿಲ್ಲ. ಸೆಪ್ಟೆಂಬರ್ 14ರ ಫೈನಲ್‌ನಲ್ಲಿ ಟಿ.ಜೆ. ಪರ್ಕಿನ್ಸ್ ಮೆಕ್ಸಿಕೊದ ಗ್ರಾನ್ ಮೆಟಾಲಿಕ್ ಅವರನ್ನು ಸೋಲಿಸಿ ಹೊಸ ಪಟ್ಟದ ಮೊದಲ ಒಡೆಯರಾದರು. ಹಳೆಯ ಪಟ್ಟದ ಪರಂಪರೆಗೆ ಇದನ್ನು ಸೇರಿಸಲಿಲ್ಲ. ಟೂರ್ನಿಯಲ್ಲಿ ಉಸಿರು ಬಿಗಿಹಿಡಿದು ನೋಡಿದ ಆಟ, ನವೆಂಬರ್‌ನಲ್ಲಿ '205 ಲೈವ್' ಎಂಬ ಸಾಪ್ತಾಹಿಕವಾದಾಗ ಸಪ್ಪೆಯಾಯಿತು. ದೊಡ್ಡ ಕಾರ್ಯಕ್ರಮದ ಚಿತ್ರೀಕರಣ ಮುಗಿದು ಜನ ಎದ್ದು ಹೊರಡುವ ಹೊತ್ತಿಗೆ ಇವರ ಸರದಿ ಬರುತ್ತಿದ್ದುದೇ ಅದಕ್ಕೆ ಮುಖ್ಯ ಕಾರಣ. 2017ರಲ್ಲಿ ಇಂಗ್ಲೆಂಡಿನ ನೆವಿಲ್, 2018ರ ಅಕ್ಟೋಬರ್‌ನಲ್ಲಿ ತವರಿನ ಮೆಲ್ಬರ್ನ್‌ನಲ್ಲೇ ಗೆದ್ದ ಆಸ್ಟ್ರೇಲಿಯಾದ ಬಡಿ ಮರ್ಫಿ ಇದಕ್ಕೆ ಗೌರವ ತಂದವರು.

2020ರ ಜನವರಿಯಲ್ಲಿ ಗೆದ್ದ ಐರ್ಲೆಂಡಿನ ಜಾರ್ಡನ್ ಡೆವ್ಲಿನ್ ಕೋವಿಡ್‌ನಿಂದಾಗಿ ಅಮೆರಿಕಕ್ಕೆ ಬರಲಾಗದೆ ಉಳಿದರು. ಟೂರ್ನಿಯೊಂದನ್ನು ಗೆದ್ದು ಸಾಂಟೊಸ್ ಎಸ್ಕೊಬಾರ್ ತಾತ್ಕಾಲಿಕ ಚಾಂಪಿಯನ್ ಆಗಿ, ಒಂದು ಪಟ್ಟಕ್ಕೆ ಇಬ್ಬರು ಒಡೆಯರಾದರು. 2021ರ ಏಪ್ರಿಲ್ 8ರ ಏಣಿ ಪಂದ್ಯದಲ್ಲಿ ಎಸ್ಕೊಬಾರ್ ಗೆದ್ದು ಆ ಗೊಂದಲ ಬಗೆಹರಿಸಿದರು. 2022ರ ಜನವರಿ 4ರಂದು ಕಾರ್ಮೆಲೊ ಹೇಯ್ಸ್, ಆಗಿನ ಚಾಂಪಿಯನ್ ರಾಡ್ರಿಕ್ ಸ್ಟ್ರಾಂಗ್ ಅವರನ್ನು ಸೋಲಿಸಿ ಇದನ್ನು ತಮ್ಮ ನಾರ್ತ್ ಅಮೆರಿಕನ್ ಪಟ್ಟದೊಂದಿಗೆ ವಿಲೀನಗೊಳಿಸಿದರು. ವಿಲೀನದ ಬಳಿಕ ಉಳಿದದ್ದು ನಾರ್ತ್ ಅಮೆರಿಕನ್ ಹೆಸರು, ತೂಕದ ಮಿತಿ ಇಲ್ಲದ ಪಟ್ಟ. '205 ಲೈವ್' ಕೂಡ ಮುಂದಿನ ತಿಂಗಳು ನಿಂತಿತು.