ಹಿಂದಿನಿಂದ ನೂಕುವ ಉಗಿಬಂಡಿ

ಉಗಿಬಂಡಿ ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು, ಹೊಗೆಯುಗುಳುತ್ತ ಡಬ್ಬಿಗಳನ್ನು ಎಳೆದೊಯ್ಯುವ ಎಂಜಿನ್ನು. ಮೆಟ್ಟುಪಾಳಯದ ನಿಲ್ದಾಣದಲ್ಲಿ ಒಂದು ಬೆಳಗ್ಗೆ ನಾನೂ ಅದನ್ನು ಅರಸುತ್ತ ಗಾಡಿಯ ಮುಂತುದಿಗೆ ನಡೆದೆ. ಅಲ್ಲಿ ಎಂಜಿನ್ನಿರಲಿಲ್ಲ. ಮೊದಲ ಡಬ್ಬಿಯ ಮುಂದಿನ ತೆರೆದ ಕಟ್ಟೆಯ ಮೇಲೆ, ಹಸಿರು ಕೆಂಪು ಬಾವುಟಗಳನ್ನು ಹಿಡಿದು ಒಬ್ಬಾತ ನಿಂತಿದ್ದ. ನೀಲಗಿರಿಯ ಏರಿನಲ್ಲಿ ಎಂಜಿನ್ನು ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಕೊಂಡಿ ಕಳಚಿದರೂ ಡಬ್ಬಿಗಳು ಇಳಿಜಾರಿನಲ್ಲಿ ಜಾರಬಾರದೆಂದು ಈ ಏರ್ಪಾಡು.

ಈ ದಾರಿಯ ಯೋಚನೆ ಹುಟ್ಟಿದ್ದು 1854ರಲ್ಲಿ. ಕೆಲಸ ಮೊದಲಾದದ್ದು 1891ರಲ್ಲಿ. ಗಾಡಿ ಕೂನೂರನ್ನು ಮುಟ್ಟಿದ್ದು 1899ರಲ್ಲಿ, ಉದಕಮಂಡಲವನ್ನು 1908ರಲ್ಲಿ. 46 ಕಿಲೋಮೀಟರು ದಾರಿಗೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲ! ಅದು 326 ಮೀಟರಿನಿಂದ ಸುಮಾರು 2,200 ಮೀಟರು ಎತ್ತರಕ್ಕೆ ಏರಬೇಕು. ಕಲ್ಲಾರಿನ ಅಡಕೆ ತೋಟಗಳು ಹಿಂದಾದ ಮೇಲೆ, 12 ಅಡಿ ಸಾಗಿದರೆ 1 ಅಡಿ ಏರುವಷ್ಟು ಕಡಿದಾದ ದಾರಿ. ನುಣುಪಾದ ಗಾಲಿ ನುಣುಪಾದ ಹಳಿಯ ಮೇಲೆ ಇಂಥ ಏರನ್ನು ಹತ್ತಲಾರದು. ಅದಕ್ಕೆಂದೇ ಹಳಿಗಳ ನಡುವೆ ಹಲ್ಲುಗಳುಳ್ಳ ಜೋಡಿ ಪಟ್ಟಿಗಳನ್ನು ಹಾಸಿದ್ದಾರೆ. ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ಎಂಬಾತನ ಉಪಾಯವಿದು. ಒಂದು ಪಟ್ಟಿಯ ಹಲ್ಲು ಬಿಡುವಾಗ ಇನ್ನೊಂದರ ಹಲ್ಲು ಹಿಡಿದಿರುತ್ತದೆ. ಗಾಲಿಗಳನ್ನು ತಿರುಗಿಸಿ ಹೊರಬಂದ ಆವಿಯೇ ಎರಡನೆಯ ಸಿಲಿಂಡರುಗಳನ್ನು ಹೊಕ್ಕು, ಎಂಜಿನ್ನಿನಡಿಯ ಹಲ್ಲುಗಾಲಿಗಳನ್ನೂ ತಿರುಗಿಸುತ್ತದೆ. ಒಮ್ಮೆ ದುಡಿದ ಆವಿಗೆ ಇಲ್ಲಿ ಬಿಡುವಿಲ್ಲ.

ಗಂಟೆಗೆ 10 ಕಿಲೋಮೀಟರಿನಷ್ಟು ನಿಧಾನವಾಗಿ ನಾವು ಏರುತ್ತಿದ್ದೆವು. ಒಂದು ಬದಿಗೆ ಜಿನುಗುವ ಬಂಡೆ, ಇನ್ನೊಂದು ಬದಿಗೆ ತಳ ಕಾಣದ ಕಣಿವೆ. ನೀರಿಗಾಗಿ ಎಂಜಿನ್ನು ನಿಂತಲ್ಲೆಲ್ಲ ಕಾಡಿನ ಮೌನ ಒಮ್ಮೆಲೆ ಕಿವಿಗೆ ಬೀಳುತ್ತಿತ್ತು. ಹಿಂದಿರುವ ಚಾಲಕನಿಗೆ ಮುಂದಿನ ದಾರಿ ಕಾಣದು. ಮುಂದೆ ನಿಂತಾತ ಬಾವುಟ ಬೀಸುತ್ತಾನೆ. ಪ್ರತಿ ಡಬ್ಬಿಯಲ್ಲೂ ಇರುವ ಬ್ರೇಕಿನವನು ಆ ಸನ್ನೆಯನ್ನು ಹಿಂದಕ್ಕೆ ಮುಟ್ಟಿಸುತ್ತಾನೆ. ಬಲವುಳ್ಳವನಿಗೆ ನೋಟವಿಲ್ಲ, ನೋಟವುಳ್ಳವನಿಗೆ ಬಲವಿಲ್ಲ. ಇಬ್ಬರ ನಡುವೆ ಇರುವುದು ನಂಬಿಕೆಯೊಂದೇ.

ಚರಿತ್ರೆಯೂ ಹೀಗೆಯೇ ಸಾಗುತ್ತದೆಯೆ? ಈ ಬೆಟ್ಟ ನಮ್ಮ ಶಾಸನಗಳಿಗೆ ಹೊಸದಲ್ಲ. ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಹೆದರಿಸಿ ನೀಲಗಿರಿಯನ್ನು ಗೆದ್ದ ಸಂಗತಿಯನ್ನು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಗೆದ್ದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಹೆದರಿದವರ ಮಾತು ಉಳಿಯಲಿಲ್ಲ. ರೈಲಿನ ಕಥೆಯಲ್ಲೂ ಅಷ್ಟೆ. 16 ಸುರಂಗಗಳು, 250 ಸೇತುವೆಗಳು, 208 ತಿರುವುಗಳು ಎಂಬ ಲೆಕ್ಕ ನಮಗೆ ಸಿಗುತ್ತದೆ. ಆ ಬಂಡೆಗಳನ್ನು ಒಡೆದವರ ಹೆಸರು ಹೇಳುವ ಒಂದು ಫಲಕವನ್ನೂ ನಾನು ದಾರಿಯಲ್ಲಿ ಕಾಣಲಿಲ್ಲ. 2005ರಲ್ಲಿ ಯುನೆಸ್ಕೊ ಈ ರೈಲುದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪರಂಪರೆ ಎಂದರೆ ಹಳಿ, ಎಂಜಿನ್ನು, ನಿಲ್ದಾಣ ಇಷ್ಟೇ ಆದೀತೆ? ಎಂಜಿನ್ನಿನ ಉಸಿರನ್ನು ಕೇಳಿಯೇ ಅದರ ದಣಿವನ್ನು ಅರಿಯುವ ಕಿವಿ, ಎಲ್ಲಿ ಎಷ್ಟು ಬ್ರೇಕು ತಿರುಗಿಸಬೇಕೆಂದು ಬಲ್ಲ ಕೈ, ಇವೂ ಪರಂಪರೆಯಲ್ಲವೆ? ಗಾಡಿಯನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಬಹುದು. ಆ ತಿಳಿವಳಿಕೆಯನ್ನು ನಿಲ್ಲಿಸಿ ಕಾಪಾಡಲಾಗದು. ಗಾಡಿ ಓಡುತ್ತಿದ್ದರೆ ಮಾತ್ರ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟೀತು.

ಕೂನೂರಿನಲ್ಲಿ ಉಗಿ ಎಂಜಿನ್ನನ್ನು ಕಳಚಿ ಡೀಸೆಲ್ ಎಂಜಿನ್ನನ್ನು ಹೂಡಿದರು. ಪ್ರಯಾಣಿಕರೆಲ್ಲ ಹಿಂದಕ್ಕೆ ಓಡಿ, ಬುಸುಗುಡುತ್ತಿದ್ದ ಯಂತ್ರದ ಪಕ್ಕದಲ್ಲಿ ಚಿತ್ರ ತೆಗೆಸಿಕೊಳ್ಳತೊಡಗಿದರು. ನಾನು ಮುಂತುದಿಗೆ ನಡೆದೆ. ಬಾವುಟದವನು ಆಗತಾನೆ ಕೆಳಗಿಳಿದು, ಬಾವುಟಗಳನ್ನು ಸುತ್ತಿ ಕಂಕುಳಲ್ಲಿರಿಸಿಕೊಂಡು ಚಹಾ ಕುಡಿಯುತ್ತಿದ್ದ. ನಾನು ಕೈಮುಗಿದೆ. ಯಾರಿಗೆಂದು ತಿಳಿಯದೆ ಆತ ಒಮ್ಮೆ ಹಿಂದಿರುಗಿ ನೋಡಿದ.